ಕೋಲಾರದ ಗಣಿ ಏಳು ಕಿಲೋಮೀಟರ್ ಆಳವೇ? ‘ಮೀಟರ್ ನೀರಿನ ಸಮಾನ’ವನ್ನು ಓದುವ ಬಗೆ

ಕೆಜಿಎಫ್‌ನ ಚಿನ್ನದ ಗಣಿಯೊಳಗೆ ನಡೆದ ವಿಶ್ವಕಿರಣ (ಬಾಹ್ಯಾಕಾಶದಿಂದ ಬರುವ ಕಣಗಳ) ಪ್ರಯೋಗಗಳ ಬಗ್ಗೆ ಓದಲು ಕೂತರೆ ಎರಡು ಬೇರೆ ಬೇರೆ ಆಳಗಳು ಎದುರಾಗುತ್ತವೆ. ಒಂದು ಕಡೆ 7600 ಅಡಿ ಅಥವಾ 2.3 ಕಿಲೋಮೀಟರ್ ಎಂದಿರುತ್ತದೆ. ಇನ್ನೊಂದು ಕಡೆ ಅದೇ ಪ್ರಯೋಗಕ್ಕೆ 7000 ಮೀಟರ್ ಎಂದಿರುತ್ತದೆ, ಪಕ್ಕದಲ್ಲಿ ‘ನೀರಿನ ಸಮಾನ’ ಎಂಬ ಬಾಲ. ಅವಸರದಲ್ಲಿ ಓದುವವರು ಬಾಲವನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಆಮೇಲೆ ‘ನಮ್ಮ ಕೋಲಾರದ ಗಣಿ ಏಳು ಕಿಲೋಮೀಟರ್ ಆಳ’ ಎಂಬ ಮಾತು ಊರೆಲ್ಲ ಸುತ್ತುತ್ತದೆ. ಚಾಂಪಿಯನ್ ರೀಫ್ ಗಣಿಯ ತೀರಾ ಆಳದ ಜಾಗವೇ ಸುಮಾರು 3.2 ಕಿಲೋಮೀಟರ್. ಏಳು ಸಾವಿರ ಎನ್ನುವುದು ಆಳವೇ ಅಲ್ಲ. ತಲೆಯ ಮೇಲೆ ಎಷ್ಟು ಪದಾರ್ಥ ಕೂತಿದೆ ಎಂಬ ಲೆಕ್ಕ ಅದು.

ಕಣ ಭೌತಶಾಸ್ತ್ರದಲ್ಲಿ ನೆಲದಡಿಯ ಪ್ರಯೋಗಾಲಯಗಳ ಮಾತು ಬಂದಲ್ಲೆಲ್ಲ ಈ ಅಳತೆ ಬರುತ್ತದೆ. ಕೋಲಾರ ಜಿಲ್ಲೆಯವರಿಗೆ ಇದು ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಅಳತೆ ಇಷ್ಟು ದೊಡ್ಡ ಸಂಖ್ಯೆಗಳವರೆಗೆ ಬಳಕೆಗೆ ಬಂದಿದ್ದರಲ್ಲಿ ನಮ್ಮ ಗಣಿಯ ಪಾಲು ದೊಡ್ಡದು.

ಅರ್ಥ ಸರಳವಾಗಿದೆ. ಮೇಲಿನಿಂದ ಬರುವ ಮ್ಯೂಯಾನ್ ಎಂಬ ಕಣಕ್ಕೆ ದಾರಿ ಎಷ್ಟು ಮೀಟರ್ ಎನ್ನುವುದಕ್ಕಿಂತ ದಾರಿಯಲ್ಲಿ ಎಷ್ಟು ಪದಾರ್ಥವಿದೆ ಎನ್ನುವುದು ಮುಖ್ಯ. ಒಂದು ಚದರ ಸೆಂಟಿಮೀಟರ್ ಅಗಲದ ಕಂಬವೊಂದನ್ನು ನೆಲದ ಮೇಲ್ಮೈಯಿಂದ ಉಪಕರಣದ ತನಕ ಕಲ್ಪಿಸಿಕೊಳ್ಳಿ. ಆ ಕಂಬದೊಳಗಿನ ಕಲ್ಲು, ಮಣ್ಣು, ನೀರು ಎಲ್ಲ ಸೇರಿ ಎಷ್ಟು ಗ್ರಾಂ ಎಂದು ತೂಗಿ. ಅದೇ ಕಂಬದಲ್ಲಿ ಬರೀ ನೀರಿದ್ದರೆ ಅಷ್ಟು ತೂಕಕ್ಕೆ ಎಷ್ಟು ಎತ್ತರ ಬೇಕಾಗುತ್ತಿತ್ತೋ ಅದೇ ಮೀಟರ್ ನೀರಿನ ಸಮಾನ. ಒಂದು ಮೀಟರ್ ನೀರು ಎಂದರೆ ಚದರ ಸೆಂಟಿಮೀಟರಿಗೆ 100 ಗ್ರಾಂ, ಅಂದರೆ ಒಂದು ಹೆಕ್ಟೋಗ್ರಾಂ. ಕೆಜಿಎಫ್ ಪ್ರಯೋಗಗಳ ಪ್ರಬಂಧಗಳಲ್ಲಿ ‘ಚದರ ಸೆಂಟಿಮೀಟರಿಗೆ 7000 ಹೆಕ್ಟೋಗ್ರಾಂ’ ಎಂದು ಕಂಡರೆ ಅದು ಬೇರೇನಲ್ಲ, 7000 ಮೀಟರ್ ನೀರಿನ ಸಮಾನವೇ. ನನ್ನ ಮಟ್ಟಿಗೆ ಹೆಕ್ಟೋಗ್ರಾಂ ಬಳಕೆಯೇ ಮೇಲು. ಅದರಲ್ಲಿ ‘ಮೀಟರ್’ ಇಲ್ಲದಿರುವುದರಿಂದ ಯಾರೂ ಅದನ್ನು ಆಳ ಎಂದುಕೊಳ್ಳುವುದಿಲ್ಲ. ಆದರೆ ಬಳಕೆಯಲ್ಲಿ ಗೆದ್ದದ್ದು ನೀರಿನ ಲೆಕ್ಕ.

ಲೆಕ್ಕ ಹಾಕುವುದಕ್ಕೆ ಒಂದೇ ಗುಣಾಕಾರ ಸಾಕು. ಮೀಟರಿನಲ್ಲಿ ಆಳ, ಇಂಟು ಕಲ್ಲಿನ ಸಾಂದ್ರತೆ. ಕೆಜಿಎಫ್ ಗಣಿಯ ಹಳೆಯ ದಾಖಲೆಗಳೆಲ್ಲ ಅಡಿಯಲ್ಲಿವೆ, ಆದ್ದರಿಂದ ಮೊದಲು 0.3048ರಿಂದ ಗುಣಿಸಬೇಕು. 7600 ಅಡಿ ಎಂದರೆ 2316 ಮೀಟರ್. ಅಲ್ಲಿನ ಕಲ್ಲಿನ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.02 ಗ್ರಾಂ. ಗುಣಿಸಿದರೆ 6994. ಪ್ರಬಂಧಗಳ 7000 ಬಂದದ್ದು ಹೀಗೆ.

ಕಲ್ಲು ಯಾವುದು ಎಂಬುದೇ ಅರ್ಧ ಲೆಕ್ಕ

ಹೆಚ್ಚಿನ ತಪ್ಪು ಆಗುವುದು ಸಾಂದ್ರತೆಯಲ್ಲಿ. ಪಠ್ಯಗಳಲ್ಲಿ ‘ಸ್ಟ್ಯಾಂಡರ್ಡ್ ರಾಕ್’ ಎಂಬ ಆದರ್ಶ ಕಲ್ಲೊಂದಿದೆ. ಅದರ ಸಾಂದ್ರತೆ 2.65, ಸರಾಸರಿ ಪರಮಾಣು ಸಂಖ್ಯೆ 11, ಸರಾಸರಿ ಪರಮಾಣು ತೂಕ 22. ಹೋಲಿಕೆಗೆ ಅನುಕೂಲವಾಗಲೆಂದು ಒಪ್ಪಿಕೊಂಡ ಕಲ್ಲು ಅದು. ಅದರ ಸಾಂದ್ರತೆಯನ್ನು ಕೋಲಾರಕ್ಕೆ ಹಾಕಿದರೆ 2316 ಇಂಟು 2.65, ಅಂದರೆ 6137 ಬರುತ್ತದೆ. ವ್ಯತ್ಯಾಸ ಸುಮಾರು 860. ಇಷ್ಟು ಆಳದಲ್ಲಿ ಪ್ರತಿ 700 ಮೀಟರ್ ನೀರಿನ ಸಮಾನಕ್ಕೆ ಮ್ಯೂಯಾನ್‌ಗಳ ಸಂಖ್ಯೆ ಸುಮಾರು 2.7 ಪಟ್ಟು ಇಳಿಯುತ್ತಾ ಹೋಗುತ್ತದೆ. ಅಂದರೆ ಸಾಂದ್ರತೆ ಒಂದನ್ನು ತಪ್ಪಾಗಿ ಹಾಕಿದ್ದಕ್ಕೆ ಎಣಿಕೆಯ ಅಂದಾಜು ಮೂರು ಪಟ್ಟಿಗಿಂತ ಹೆಚ್ಚು ಎಡವುತ್ತದೆ.

ಕೆಜಿಎಫ್ ಕಲ್ಲು ಯಾಕೆ ಭಾರ? ಕೋಲಾರ ಜಿಲ್ಲೆಯ ಬಹುಪಾಲು ನೆಲದಡಿ ಇರುವುದು ಬಿಳಿ ಬೂದು ಬಣ್ಣದ ನೈಸ್ ಮತ್ತು ಗ್ರಾನೈಟ್. ಅದರ ಸಾಂದ್ರತೆ 2.65ರಿಂದ 2.7. ಅದರ ನಡುವೆ ಉತ್ತರ ದಕ್ಷಿಣವಾಗಿ ಕೆಲವೇ ಕಿಲೋಮೀಟರ್ ಅಗಲದ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಚಿನ್ನದ ಎಳೆಗಳಿದ್ದದ್ದು ಈ ಪಟ್ಟಿಯಲ್ಲೇ. ಆ ಕಪ್ಪು ಕಲ್ಲು ಹಾರ್ನ್‌ಬ್ಲೆಂಡ್ ಷಿಸ್ಟ್ ಮತ್ತು ಆಂಫಿಬೊಲೈಟ್. ಗ್ರಾನೈಟಿಗಿಂತ ಇದರಲ್ಲಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಜಾಸ್ತಿ, ಸಿಲಿಕಾ ಕಡಿಮೆ. ಹಾಗಾಗಿ ಸಾಂದ್ರತೆ 3 ದಾಟುತ್ತದೆ. ಕೋಲಾರ ಊರಿನ ಪಕ್ಕದ ಅಂತರಗಂಗೆ ಬೆಟ್ಟದ ಕಲ್ಲಿನ ಲೆಕ್ಕವನ್ನು ಕೆಜಿಎಫ್‌ಗೆ ಹಚ್ಚುವಂತಿಲ್ಲ. ಎರಡೂ ಒಂದೇ ಜಿಲ್ಲೆಯಲ್ಲಿವೆ, ಆದರೆ ಕಲ್ಲು ಬೇರೆ.

ಸಾಂದ್ರತೆಯನ್ನು ಅಳೆಯಲು ಪ್ರಯೋಗಾಲಯ ಬೇಕಿಲ್ಲ. ಒಂದೂವರೆ ಕಿಲೋ ತೂಗುವ, ಬಿರುಕಿಲ್ಲದ ತುಂಡನ್ನು ಆರಿಸಿ. ಮೇಲಿನ ಹಳದಿ ಬಣ್ಣಕ್ಕೆ ತಿರುಗಿದ ಸವೆದ ಪದರವನ್ನು ಒಡೆದು ತೆಗೆದು ಒಳಗಿನ ಗಟ್ಟಿ ಭಾಗವನ್ನಷ್ಟೇ ಇಟ್ಟುಕೊಳ್ಳಿ. ತಕ್ಕಡಿಯಲ್ಲಿ ಒಣದಾಗಿ ತೂಗಿ. ನಂತರ ತೆಳುವಾದ ನೈಲಾನ್ ದಾರದಲ್ಲಿ ಕಟ್ಟಿ, ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ತೂಗುಹಾಕಿ ಮತ್ತೆ ತೂಗಿ. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಗಾಳಿಯಲ್ಲಿ 1500 ಗ್ರಾಂ, ನೀರಿನಲ್ಲಿ 938 ಗ್ರಾಂ ಬಂದರೆ ವ್ಯತ್ಯಾಸ 562, ಸಾಂದ್ರತೆ 2.67. ಅಷ್ಟೇ ತೂಕದ ಕಪ್ಪು ಕಲ್ಲು ನೀರಿನಲ್ಲಿ 1003 ಗ್ರಾಂ ತೂಗಿದರೆ ಸಾಂದ್ರತೆ 3.02. ಕಲ್ಲಿಗೆ ಗಾಳಿಯ ಗುಳ್ಳೆ ಅಂಟಿಕೊಂಡಿದ್ದರೆ ಸಾಂದ್ರತೆ ಕಡಿಮೆ ಬರುತ್ತದೆ. ಮುಳುಗಿಸಿದ ಮೇಲೆ ಒಮ್ಮೆ ಅಲುಗಾಡಿಸಿ ಗುಳ್ಳೆ ಬಿಡಿಸಬೇಕು. ಒಂದೇ ತುಂಡನ್ನು ನಂಬಬಾರದು. ಬೇರೆ ಬೇರೆ ಆಳದ ಹತ್ತು ತುಂಡುಗಳ ಸರಾಸರಿ ತೆಗೆದರೆ ಅದಕ್ಕೊಂದು ಬೆಲೆ.

ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಆಳವೆಂದರೆ ಬೋರ್‌ವೆಲ್‌ನದು. 1200 ಅಡಿಯ ಬೋರ್ ತೆಗೆದುಕೊಳ್ಳೋಣ. ಒಟ್ಟು 366 ಮೀಟರ್. ಮೇಲಿನ ಸಡಿಲ ಪದರ ಎಷ್ಟು ದಪ್ಪ ಎಂದು ತಿಳಿಯಲು ಕೇಸಿಂಗ್ ಪೈಪ್ ಎಷ್ಟು ಅಡಿ ಇಳಿದಿದೆ ಎಂದು ಕೇಳಿದರೆ ಸಾಕು. ಗಟ್ಟಿ ಬಂಡೆ ಸಿಗುವ ತನಕ ಮಾತ್ರ ಕೇಸಿಂಗ್ ಇಳಿಸುತ್ತಾರೆ. 60 ಅಡಿ ಎಂದಿಟ್ಟುಕೊಂಡರೆ 18 ಮೀಟರ್. ಆ ಮಣ್ಣು ಮತ್ತು ಕೊಳೆತ ಕಲ್ಲಿನ ಸಾಂದ್ರತೆ 1.9 ಎಂದು ಹಿಡಿದರೆ ಸುಮಾರು 35. ಉಳಿದ 348 ಮೀಟರ್ ಗಟ್ಟಿ ಕಲ್ಲಿಗೆ 2.67ರಂತೆ 929. ಒಟ್ಟು ಸುಮಾರು 960 ಮೀಟರ್ ನೀರಿನ ಸಮಾನ. ಇಡೀ ಆಳಕ್ಕೂ 2.67 ಹಾಕಿದ್ದರೆ 977 ಬರುತ್ತಿತ್ತು. ಇಲ್ಲಿ ವ್ಯತ್ಯಾಸ ದೊಡ್ಡದಲ್ಲ, ಆದರೆ ಬೋರ್ 200 ಅಡಿಯದ್ದೇ ಆಗಿದ್ದರೆ ಅದೇ ಕೇಸಿಂಗ್ ಪದರ ಲೆಕ್ಕವನ್ನು ಶೇಕಡಾ ಎಂಟೊಂಬತ್ತು ತಪ್ಪಿಸುತ್ತದೆ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿರುವ ಪ್ರಯೋಗಾಲಯದ ಸಂಖ್ಯೆ ಸುಮಾರು 1600. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್‌ನ ತಳಕ್ಕೆ ಅದರ ಅರ್ಧಕ್ಕಿಂತ ಹೆಚ್ಚು ರಕ್ಷಣೆ ಇದೆ. ಆರೂವರೆ ಇಂಚಿನ ತೂತಿನಲ್ಲಿ ದೊಡ್ಡ ಉಪಕರಣ ಕೂರುವುದಿಲ್ಲ ಎನ್ನುವುದೊಂದೇ ಅಡ್ಡಿ.

ಗಣಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ನೂರಿಪ್ಪತ್ತು ವರ್ಷ ಅಗೆದ ಗಣಿ ತಲೆಯ ಮೇಲೆ ಇಡಿಯಾದ ಬಂಡೆಯಾಗಿ ಉಳಿದಿರುವುದಿಲ್ಲ. ಅದಿರು ತೆಗೆದ ಖಾಲಿ ಜಾಗಗಳಿವೆ, ಕೆಲವನ್ನು ಕಲ್ಲು ಮರಳಿನಿಂದ ತುಂಬಿದ್ದಾರೆ. ಉಪಕರಣದ ನೇರ ಮೇಲಿನ ದಾರಿಯಲ್ಲಿ ಶೇಕಡಾ ಒಂದು ಭಾಗ ಖಾಲಿ ಇದ್ದರೆ 70 ಮೀಟರ್ ನೀರಿನ ಸಮಾನ ಕಳೆದುಹೋಗುತ್ತದೆ. ಗಣಿಗೆ ಇಳಿಯುವ ಬಾವಿ, ಅಂದರೆ ಶಾಫ್ಟ್, ಕೆಲವೇ ಮೀಟರ್ ಅಗಲದ್ದಾದ್ದರಿಂದ ಅದರಿಂದ ನಷ್ಟ ಇಲ್ಲವೆನ್ನಬಹುದು, ಉಪಕರಣವನ್ನು ಅದರ ಬುಡದಲ್ಲೇ ಇಡದಿದ್ದರೆ ಸಾಕು.

ಮ್ಯೂಯಾನ್ ಶಕ್ತಿ ಕಳೆದುಕೊಳ್ಳುವ ಬಗೆ

ಸಂಖ್ಯೆ ಬಂತು, ಅದರಿಂದೇನು ತಿಳಿಯುತ್ತದೆ? ಅದನ್ನು ತಿಳಿಯಲು ಮ್ಯೂಯಾನ್ ಕಲ್ಲಿನಲ್ಲಿ ಹೇಗೆ ಸೋಲುತ್ತದೆ ಎಂದು ನೋಡಬೇಕು. ಮ್ಯೂಯಾನ್ ಎಲೆಕ್ಟ್ರಾನಿನ ಬಳಗದ್ದೇ, ಆದರೆ 207 ಪಟ್ಟು ಭಾರ. ಆಯುಸ್ಸು 2.2 ಮೈಕ್ರೋಸೆಕೆಂಡ್. 1936ರಲ್ಲಿ ಆಂಡರ್ಸನ್ ಮತ್ತು ನೆಡರ್‌ಮೇಯರ್ ವಿಶ್ವಕಿರಣಗಳಲ್ಲಿ ಇದನ್ನು ಗುರುತಿಸಿದರು. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದು ಪಯಾನ್ ಎಂಬ ಅಲ್ಪಾಯು ಕಣಗಳನ್ನು ಹುಟ್ಟಿಸುತ್ತವೆ, ಅವು ಒಡೆದಾಗ ಮ್ಯೂಯಾನ್‌ಗಳು ಹುಟ್ಟುತ್ತವೆ. ನೆಲದ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದರಂತೆ ಸುರಿಯುತ್ತಲೇ ಇರುತ್ತವೆ.

ಕಲ್ಲಿನೊಳಗೆ ಅದು ಎರಡು ರೀತಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲನೆಯದು, ದಾರಿಯ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತೆಸೆಯುವುದು. ಇದು ಮ್ಯೂಯಾನ್‌ನ ಶಕ್ತಿ ಎಷ್ಟೇ ಇರಲಿ ಹೆಚ್ಚು ಕಡಿಮೆ ಒಂದೇ ದರದಲ್ಲಿ ನಡೆಯುತ್ತದೆ: ಪ್ರತಿ ಮೀಟರ್ ನೀರಿನ ಸಮಾನಕ್ಕೆ 0.2ರಿಂದ 0.27 ಗಿಗಾ ಎಲೆಕ್ಟ್ರಾನ್‌ವೋಲ್ಟ್, ಚಿಕ್ಕದಾಗಿ ಜಿಇವಿ, ಕಣಗಳ ಶಕ್ತಿಯ ಅಳತೆ. ಎರಡನೆಯದು, ಪರಮಾಣು ಬೀಜದ ಹತ್ತಿರ ಹಾಯುವಾಗ ಫೋಟಾನ್‌ಗಳನ್ನೋ ಎಲೆಕ್ಟ್ರಾನ್ ಪಾಸಿಟ್ರಾನ್ ಜೋಡಿಗಳನ್ನೋ ಉಗುಳುವುದು. ಇದು ಮ್ಯೂಯಾನ್‌ನ ಆ ಹೊತ್ತಿನ ಶಕ್ತಿಯ ಶೇಕಡಾವಾರು ಲೆಕ್ಕ; ಪ್ರತಿ ಮೀಟರ್ ನೀರಿನ ಸಮಾನಕ್ಕೆ ಸುಮಾರು ಶೇ. 0.04. ಶಕ್ತಿ 600 ಜಿಇವಿ ಆಸುಪಾಸಿನಲ್ಲಿ ಎರಡೂ ಸಮ. ಅದಕ್ಕಿಂತ ಕೆಳಗೆ ಮೊದಲನೆಯದರ ಕೈ ಮೇಲು, ಅದಕ್ಕಿಂತ ಮೇಲೆ ಎರಡನೆಯದರದು.

ಹಾಗಾಗಿ ಆಳ ಇಮ್ಮಡಿಯಾದರೆ ಬೇಕಾದ ಶಕ್ತಿಯೂ ಇಮ್ಮಡಿ ಎಂಬ ಲೆಕ್ಕ ಮೇಲಿನ ಪದರದಲ್ಲಿ ಮಾತ್ರ ನಡೆಯುತ್ತದೆ. ಸ್ಟ್ಯಾಂಡರ್ಡ್ ರಾಕ್‌ನಲ್ಲಿ 10 ಜಿಇವಿಯ ಮ್ಯೂಯಾನ್ ಸರಾಸರಿ 50 ಮೀಟರ್ ನೀರಿನ ಸಮಾನ ಇಳಿಯುತ್ತದೆ. 100 ಜಿಇವಿಯದು 410. 1000 ಜಿಇವಿಯದು 2450. 10,000 ಜಿಇವಿಯದು ಮಾತ್ರ ಬರೀ 6090ರ ಹತ್ತಿರ. ಮೊದಲ ಸಲ ಶಕ್ತಿ ಹತ್ತು ಪಟ್ಟಾದಾಗ ದಾರಿ ಎಂಟು ಪಟ್ಟಾಯಿತು. ಕೊನೆಯ ಸಲ ಎರಡೂವರೆ ಪಟ್ಟು ಮಾತ್ರ. 1200 ಅಡಿ ಬೋರ್‌ವೆಲ್‌ನ ತಳ ಮುಟ್ಟಲು 300 ಜಿಇವಿ ಸಾಕು. ಕೆಜಿಎಫ್‌ನ 7000ಕ್ಕೆ ಇಳಿಯಬೇಕಾದರೆ ನೆಲ ಮುಟ್ಟುವಾಗ ಕಣದ ಬಳಿ ಹತ್ತು ಸಾವಿರ ಜಿಇವಿಗೂ ಹೆಚ್ಚು ಇರಬೇಕು. ಅಂಥವು ತೀರಾ ಅಪರೂಪ.

ಎಷ್ಟು ಅಪರೂಪ ಎಂದರೆ, 1980ರಲ್ಲಿ ಕೆಜಿಎಫ್‌ನ 2.3 ಕಿಲೋಮೀಟರ್ ಆಳದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು 140 ಟನ್‌ನ ಉಪಕರಣ ಕೂರಿಸಿದ್ದರು. ಅನಿಲ ತುಂಬಿದ, ಕಣಗಳನ್ನು ಎಣಿಸುವ ಕಬ್ಬಿಣದ ಕೊಳವೆಗಳನ್ನು 34 ಸಾಲುಗಳಲ್ಲಿ ಪೇರಿಸಿದ ಉಪಕರಣ. ಅದರ ಮೇಲ್ಭಾಗ ಆರು ಮೀಟರ್ ಇಂಟು ನಾಲ್ಕು ಮೀಟರ್. ಅದನ್ನೇ ರಾಬರ್ಟ್‌ಸನ್‌ಪೇಟೆಯ ರಸ್ತೆಯಲ್ಲಿ ಇಟ್ಟಿದ್ದರೆ ಸೆಕೆಂಡಿಗೆ ನಾಲ್ಕು ಸಾವಿರ ಮ್ಯೂಯಾನ್‌ಗಳು ಹಾಯುತ್ತಿದ್ದವು. ಕೆಳಗೆ ದಿನಕ್ಕೆ ಒಂದೆರಡು.

ಇಲ್ಲಿ ಸ್ಟ್ಯಾಂಡರ್ಡ್ ರಾಕ್ ಪಟ್ಟಿಯನ್ನು ಕೆಜಿಎಫ್‌ಗೆ ಬಳಸಿದ್ದರಲ್ಲಿ ಒಂದು ಸೂಕ್ಷ್ಮವಿದೆ, ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಜಾರುವುದು ಇಲ್ಲಿಯೇ. ಸಾಂದ್ರತೆಯಿಂದ ಗುಣಿಸಿದ ಕೂಡಲೇ ಕಲ್ಲಿನ ಗುಣ ಪೂರ್ತಿ ಅಳಿಸಿಹೋಗುವುದಿಲ್ಲ. ಎರಡನೆಯ ರೀತಿಯ ನಷ್ಟ ಪರಮಾಣು ಸಂಖ್ಯೆಯ ವರ್ಗವನ್ನು ಪರಮಾಣು ತೂಕದಿಂದ ಭಾಗಿಸಿದ ಸಂಖ್ಯೆಯನ್ನು ಅನುಸರಿಸುತ್ತದೆ. ಸ್ಟ್ಯಾಂಡರ್ಡ್ ರಾಕ್‌ಗೆ ಅದು 5.5. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಿರುವ ಕೋಲಾರದ ಕಪ್ಪು ಕಲ್ಲಿಗೆ 6 ದಾಟುತ್ತದೆ. ಅಂದರೆ ಒಂದೇ ತೂಕದ ಕಂಬವಾದರೂ ಕೋಲಾರದ ಕಲ್ಲು ಹೆಚ್ಚು ಶಕ್ತಿ ಹೀರುತ್ತದೆ. ಆದ್ದರಿಂದ ಕೋಲಾರ ಕಲ್ಲಿನ 7000 ಹೆಕ್ಟೋಗ್ರಾಂ ಸ್ಟ್ಯಾಂಡರ್ಡ್ ರಾಕ್‌ನಲ್ಲಿ 7000ಕ್ಕಿಂತ ಹೆಚ್ಚಿಗೆ ಸಮ. ಬೇರೆ ದೇಶದ ಗಣಿಗಳ ಜೊತೆ ಒಂದೇ ಗ್ರಾಫಿನಲ್ಲಿ ಹಾಕುವ ಮೊದಲು ಈ ತಿದ್ದುಪಡಿ ಆಗಲೇಬೇಕು. ಕೆಲವು ಪ್ರಬಂಧಗಳು ತಿದ್ದಿದ ಸಂಖ್ಯೆಯನ್ನು ಕೊಡುತ್ತವೆ, ಕೆಲವು ತಿದ್ದದೆ ಇರುವುದನ್ನು. ಒಂದೇ ಜಾಗಕ್ಕೆ ಎರಡು ಸಂಖ್ಯೆ ಕಂಡಾಗ ಯಾವುದೋ ಒಂದು ತಪ್ಪು ಎಂದುಕೊಳ್ಳುವ ಮೊದಲು ‘ಯಾವ ಕಲ್ಲಿನ ಲೆಕ್ಕ’ ಎಂದು ನೋಡಬೇಕು.

ಓರೆ ದಾರಿ: 1965ರ ಕೆಲಸದ ಜೀವಾಳ

ಮೀಟರ್ ನೀರಿನ ಸಮಾನವನ್ನು ಸಾಮಾನ್ಯವಾಗಿ ನೇರ ಮೇಲಕ್ಕೆ ಹೇಳುತ್ತಾರೆ. ಆದರೆ ಕಣಗಳು ಓರೆಯಾಗಿಯೂ ಬರುತ್ತವೆ. ನೆಲ ಸಮತಟ್ಟಾಗಿದ್ದರೆ ಓರೆ ದಾರಿಯ ಲೆಕ್ಕಕ್ಕೆ ನೇರ ಆಳವನ್ನು ಆ ಕೋನದ ಕೊಸೈನ್‌ನಿಂದ ಭಾಗಿಸಬೇಕು. ಕೆಜಿಎಫ್‌ನ 7000ವನ್ನೇ ತೆಗೆದುಕೊಂಡರೆ, ನೇರ ಮೇಲಿನಿಂದ 30 ಡಿಗ್ರಿ ವಾಲಿದರೆ 8080, 45 ಡಿಗ್ರಿಗೆ 9900, 60 ಡಿಗ್ರಿಗೆ ಸರಿಯಾಗಿ 14,000, 75 ಡಿಗ್ರಿಗೆ 27,000.

ಈ ಭಾಗಾಕಾರದ ಮಹತ್ವ ತಿಳಿಯಬೇಕಾದರೆ ಮೊದಲ ಅಳತೆಗಳಿಗೆ ಹೋಗಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೆಜಿಎಫ್‌ನ ಮೇಲಿನ ಹಂತಗಳಲ್ಲಿ ಮ್ಯೂಯಾನ್ ಎಣಿಸತೊಡಗಿದ್ದರು. 1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಸೇರಿ ಸುಮಾರು 800ರಿಂದ 8400 ಮೀಟರ್ ನೀರಿನ ಸಮಾನದವರೆಗೆ ಹಂತ ಹಂತವಾಗಿ ಇಳಿದು ಎಣಿಸಿದರು. ಫಲಿತಾಂಶ 1964ರಲ್ಲಿ ಪ್ರಕಟವಾಯಿತು. 8400ರಲ್ಲಿ ಉಪಕರಣ ಎರಡು ತಿಂಗಳ ಹತ್ತಿರ ನಡೆದರೂ ಒಂದೂ ಮ್ಯೂಯಾನ್ ಬರಲಿಲ್ಲ. ಬೇರೆ ಪ್ರಯೋಗದಲ್ಲಿ ಸೊನ್ನೆ ಬಂದರೆ ಬೇಸರ. ಇಲ್ಲಿ ಆ ಸೊನ್ನೆಯೇ ದೊಡ್ಡ ಸುದ್ದಿ. ಮೇಲಿನಿಂದ ಬರುವ ಗದ್ದಲ ಅಷ್ಟು ಕಡಿಮೆ ಎಂದಾದರೆ ಪದಾರ್ಥದೊಡನೆ ತೀರಾ ಅಪರೂಪಕ್ಕೆ ತಾಗುವ ನ್ಯೂಟ್ರಿನೋ ಎಂಬ ಕಣ ಹುಟ್ಟಿಸುವ ಮ್ಯೂಯಾನ್‌ಗಳನ್ನು ಹುಡುಕಲು ಇದೇ ಸ್ಥಳ ಎಂದು ಖಾತ್ರಿಯಾಯಿತು.

ನ್ಯೂಟ್ರಿನೋಗೆ ಕಲ್ಲು ಲೆಕ್ಕಕ್ಕಿಲ್ಲ. ಅದು ಭೂಮಿಯನ್ನೇ ತೂರಿ ಬರುತ್ತದೆ, ಅಪರೂಪಕ್ಕೊಮ್ಮೆ ಉಪಕರಣದ ಹತ್ತಿರದ ಕಲ್ಲಿನಲ್ಲಿ ಬಡಿದು ಮ್ಯೂಯಾನ್ ಹುಟ್ಟಿಸುತ್ತದೆ. ಹಾಗಾಗಿ ಮೀಟರ್ ನೀರಿನ ಸಮಾನ ಹೆಚ್ಚಿದಂತೆ ಗಾಳಿಯಲ್ಲಿ ಹುಟ್ಟಿದ ಮ್ಯೂಯಾನ್ ಕುಸಿಯುತ್ತಾ ಹೋಗುತ್ತದೆ, ನ್ಯೂಟ್ರಿನೋ ಹುಟ್ಟಿಸಿದ್ದು ಮಾತ್ರ ಅಷ್ಟಕ್ಕಷ್ಟೇ ನಿಲ್ಲುತ್ತದೆ. ಗ್ರಾಫಿನ ಇಳಿಜಾರು 13,000-14,000ರ ಆಸುಪಾಸಿನಲ್ಲಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಭಾಗದ ಮಟ್ಟ, ಒಂದು ಚದರ ಮೀಟರಿಗೆ ಒಂದು ಸ್ಟೆರೇಡಿಯನ್ (ಘನ ಕೋನದ ಮಾನ) ಕೋನದೊಳಗೆ ಹದಿನೈದು ಹದಿನಾರು ವರ್ಷಕ್ಕೆ ಒಂದು. ಅದಕ್ಕೇ ಹತ್ತಾರು ಚದರ ಮೀಟರಿನ ಉಪಕರಣ ಬೇಕಾಯಿತು.

ಈಗ 60 ಡಿಗ್ರಿಯ 14,000ವನ್ನು ಮತ್ತೆ ನೋಡಿ. ಕೆಜಿಎಫ್‌ನಲ್ಲಿ ನೇರ ಮೇಲಿನಿಂದ 60 ಡಿಗ್ರಿಗಿಂತ ಹೆಚ್ಚು ವಾಲಿ ಬಂದ ಮ್ಯೂಯಾನ್ ಗಾಳಿಯಲ್ಲಿ ಹುಟ್ಟಿದ್ದಾಗಿರಲು ಸಾಧ್ಯವೇ ಇಲ್ಲವೆನ್ನಬಹುದು. ಆದ್ದರಿಂದ ಹೀತ್‌ಕೋಟ್ ಶಾಫ್ಟ್‌ನ 7600 ಅಡಿ ಹಂತದಲ್ಲಿ ಕಣ ಹಾದಾಗ ಮಿಂಚುವ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳನ್ನು ಹಾಸಿ ಮಲಗಿಸದೆ ಗೋಡೆಯಂತೆ ಎದುರುಬದುರು ನಿಲ್ಲಿಸಿದರು. ನಡುವೆ ನಿಯಾನ್ ಫ್ಲ್ಯಾಶ್ ಟ್ಯೂಬ್‌ಗಳು, ಸೀಸದ ಪದರಗಳು. ಎರಡೂ ಗೋಡೆಗಳು ಒಟ್ಟಿಗೆ ಮಿಂಚಿದರೆ ಕಣ ಅಡ್ಡಡ್ಡ ಹೋಗಿದೆ ಎಂದರ್ಥ, ಫ್ಲ್ಯಾಶ್ ಟ್ಯೂಬ್‌ಗಳು ಅದರ ಕೋನ ತೋರಿಸುತ್ತವೆ. 1965ರ ಏಪ್ರಿಲ್‌ನಲ್ಲಿ ಮೊದಲ ಘಟನೆ ಸಿಕ್ಕಿತು. ಎಂ.ಜಿ.ಕೆ. ಮೆನನ್ ಮುಂದಾಳತ್ವದ ಟಾಟಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್ ತಂಡದ ಪ್ರಬಂಧ ಅದೇ ವರ್ಷ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಸುಮಾರು 8800 ಮೀಟರ್ ನೀರಿನ ಸಮಾನದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಭೌತವಿಜ್ಞಾನಿ ರೈನ್ಸ್ ತಂಡದ್ದು ಎರಡು ವಾರದ ನಂತರ ಬಂತು, ಅವರ ಮೊದಲ ಘಟನೆ ನಮ್ಮದಕ್ಕಿಂತ ಮುಂಚೆಯದು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಜಗತ್ತು ಮೊದಲು ಕಂಡದ್ದು ಈ ಎರಡು ಗಣಿಗಳಲ್ಲಿ. ಎರಡೂ ಕಡೆ ವಾದದ ಬುಡದಲ್ಲಿದ್ದದ್ದು ಕೊಸೈನ್‌ನ ಭಾಗಾಕಾರ.

ಬೆಟ್ಟದಡಿಯ ಪ್ರಯೋಗಾಲಯಕ್ಕೆ ಇದು ಇಷ್ಟು ಸುಲಭವಲ್ಲ. ಇಟಲಿಯ ಗ್ರಾನ್ ಸಾಸೊದಲ್ಲಿ ಮೇಲೆ 1400 ಮೀಟರ್ ಕಲ್ಲು ಇದೆ, ಸರಾಸರಿ 3800 ಮೀಟರ್ ನೀರಿನ ಸಮಾನ ಎನ್ನುತ್ತಾರೆ. ಆದರೆ ಬೆಟ್ಟದ ಬದಿಗಳು ಇಳಿಜಾರಾದ್ದರಿಂದ ಕೆಲವು ದಿಕ್ಕಿನಿಂದ ಕಡಿಮೆ ಕಲ್ಲು ಸಿಗುತ್ತದೆ. ಅಲ್ಲಿ ನಿಜವಾಗಿ ಎಣಿಸಿದ ಮ್ಯೂಯಾನ್ ಸಂಖ್ಯೆಗೆ ಸಮತಟ್ಟು ನೆಲದಲ್ಲಿ 3100ರ ಹತ್ತಿರ ಸಾಕಾಗುತ್ತದೆ. ಆದ್ದರಿಂದ ಎರಡು ಪ್ರಯೋಗಾಲಯಗಳನ್ನು ತೂಗಿ ನೋಡುವಾಗ ಸಮತಟ್ಟು ನೆಲದ ಸಮಾನವನ್ನೇ ಕೇಳಬೇಕು. ಕೆನಡಾದ ಸಡ್‌ಬರಿ 2070 ಮೀಟರ್ ಆಳದಲ್ಲಿ, ಸಮತಟ್ಟು ನೆಲದಡಿ, ಸುಮಾರು 6000. ಚೀನಾದ ಜಿನ್‌ಪಿಂಗ್ ಬೆಟ್ಟದಡಿ 2400 ಮೀಟರ್, 6700ರ ಹತ್ತಿರ. ಇವೆರಡೂ ಇಂದು ಜಗತ್ತಿನ ಅತ್ಯಂತ ನಿಶ್ಶಬ್ದ ಜಾಗಗಳ ಸಾಲಿನಲ್ಲಿವೆ. ಕೆಜಿಎಫ್‌ನಲ್ಲಿ 1960ರ ದಶಕದಲ್ಲೇ 7000 ಇತ್ತು. 2001ರಲ್ಲಿ ಗಣಿ ಮುಚ್ಚಿ, ಪಂಪುಗಳು ನಿಂತು, ಕೆಳಗಿನ ಹಂತಗಳು ನೀರು ಪಾಲಾದವು. ಇದು ಜಿಲ್ಲೆಗಾದ ನಷ್ಟ ಮಾತ್ರವಲ್ಲ, ದೇಶದ ವಿಜ್ಞಾನಕ್ಕಾದ ನಷ್ಟ ಎಂದು ನಾನು ನಂಬುತ್ತೇನೆ.

ಬಳಸಬಾರದ ಕಡೆ ಬಳಸಿದರೆ

ಮೀಟರ್ ನೀರಿನ ಸಮಾನ ಮ್ಯೂಯಾನ್‌ಗೆಂದೇ ಇರುವ ಅಳತೆ. ಎಲೆಕ್ಟ್ರಾನ್, ಗಾಮಾ ಕಿರಣಗಳಿಗೆ ಹಚ್ಚಿದರೆ ಕೆಡುತ್ತದೆ. ಹತ್ತು ಸೆಂಟಿಮೀಟರ್ ಸೀಸದ ಇಟ್ಟಿಗೆ 1.13 ಮೀಟರ್ ನೀರಿನ ಸಮಾನ. ಮ್ಯೂಯಾನ್‌ಗೆ ಅದೂ ಒಂದೇ, ಒಂದು ಮೀಟರ್ ನೀರಿನ ಟ್ಯಾಂಕೂ ಹೆಚ್ಚು ಕಡಿಮೆ ಒಂದೇ. ಎಲೆಕ್ಟ್ರಾನ್‌ಗೆ ಹಾಗಲ್ಲ. ಅದನ್ನು ತಡೆಯುವ ಅಳತೆ ವಿಕಿರಣ ದೂರ, ಅಂದರೆ ಎಲೆಕ್ಟ್ರಾನ್ ತನ್ನ ಶಕ್ತಿಯ ಬಹುಪಾಲು ಕಳೆದುಕೊಳ್ಳುವ ದೂರ. ಸೀಸದಲ್ಲಿ ಅದು ಅರ್ಧ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು, ನೀರಿನಲ್ಲಿ 36 ಸೆಂಟಿಮೀಟರ್. ಆ ಸೀಸದ ಇಟ್ಟಿಗೆಯಲ್ಲಿ ಹದಿನೆಂಟು ವಿಕಿರಣ ದೂರಗಳಿವೆ, ಟ್ಯಾಂಕಿನಲ್ಲಿ ಮೂರಕ್ಕೂ ಕಡಿಮೆ. ಕಾಲೇಜಿನಲ್ಲಿ ಎರಡು ಸಿಂಟಿಲೇಟರ್ ಹಲಗೆ ಇಟ್ಟು ಎಣಿಸುವವರು ಮೇಲೆ ಸೀಸ ಇಟ್ಟಾಗ ಎಣಿಕೆ ಬೇಗ ಇಳಿದು ಆಮೇಲೆ ನಿಂತುಬಿಡುವುದನ್ನು ಕಾಣುತ್ತಾರೆ. ಮೊದಲು ಇಳಿದದ್ದು ಎಲೆಕ್ಟ್ರಾನ್‌ಗಳ ಪಾಲು. ಅದನ್ನು ಮ್ಯೂಯಾನ್ ಎಂದು ತಿಳಿದು ಮೀಟರ್ ನೀರಿನ ಸಮಾನದ ಗ್ರಾಫಿಗೆ ಹಾಕಿದರೆ ಗ್ರಾಫಿನ ತಲೆ ವಿಪರೀತ ಕಡಿದಾಗಿ ಬರುತ್ತದೆ. ಮೊದಲು ಹತ್ತು ಸೆಂಟಿಮೀಟರ್ ಸೀಸ ಇಟ್ಟು ಎಲೆಕ್ಟ್ರಾನ್‌ಗಳನ್ನು ಸೋಸಿ, ನಂತರದ ಪದರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಕಲ್ಲಿನಲ್ಲೇ ಇರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನಿಂದ ಬರುವ ಗಾಮಾ ಕಿರಣ ಆಳಕ್ಕೆ ಹೋದಂತೆ ಕಡಿಮೆಯಾಗುವುದಿಲ್ಲ. ರೇಡಾನ್ ಅನಿಲವೂ ಹಾಗೆಯೇ. ಗಾಳಿಯಾಡದ ಸುರಂಗದಲ್ಲಿ ಅದು ಹೆಚ್ಚುತ್ತದೆ. 7000 ಎಂಬ ಸಂಖ್ಯೆ ಇವುಗಳ ಬಗ್ಗೆ ಏನೂ ಹೇಳುವುದಿಲ್ಲ, ಅವಕ್ಕೆ ಸೀಸ, ತಾಮ್ರ, ಶುದ್ಧ ಗಾಳಿ ಬೇರೆಯೇ ಬೇಕು.

ಆಳ ಕಡಿಮೆ ಇದ್ದಾಗ ಗಾಳಿಯನ್ನೂ ಮರೆಯುವಂತಿಲ್ಲ. ಸಮುದ್ರ ಮಟ್ಟದಲ್ಲಿ ಇಡೀ ವಾತಾವರಣ 10.3 ಮೀಟರ್ ನೀರಿನ ಸಮಾನ. ಸುಮಾರು 850 ಮೀಟರ್ ಎತ್ತರದ ಕೋಲಾರದಲ್ಲಿ 9.3ರಷ್ಟು, 1478 ಮೀಟರಿನ ನಂದಿ ಬೆಟ್ಟದ ನೆತ್ತಿಯಲ್ಲಿ 8.7ರಷ್ಟು. ಕೋಲಾರಕ್ಕೂ ನಂದಿಗೂ ಇರುವ ಈ 0.6 ವ್ಯತ್ಯಾಸ ಹತ್ತಿರ ಹತ್ತಿರ ಮುಕ್ಕಾಲು ಅಡಿ ಗ್ರಾನೈಟ್ ಚಪ್ಪಡಿಗೆ ಸಮ. 15 ಸೆಂಟಿಮೀಟರಿನ ಆರ್‌ಸಿಸಿ ತಾರಸಿ 0.36. ಅಂದರೆ ಎರಡಂತಸ್ತಿನ ಮನೆಯ ಕೆಳಗಿನ ಕೋಣೆಯಲ್ಲಿ ಎಣಿಸುವುದೂ ಬಯಲಿನಲ್ಲಿ ಎಣಿಸುವುದೂ ಒಂದೇ ಅಲ್ಲ. ತಾರಸಿಯ ದಪ್ಪ, ಮೇಲಿನ ನೀರಿನ ಟ್ಯಾಂಕ್ ತುಂಬಿತ್ತೋ ಖಾಲಿ ಇತ್ತೋ ಎನ್ನುವುದನ್ನೂ ಬರೆದಿಡಬೇಕು. ಕೆಜಿಎಫ್‌ನ ಸೈನೈಡ್ ದಿಬ್ಬದಂಥ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ) ಸಡಿಲ ರಾಶಿಗೆ ಸಾಂದ್ರತೆ 1.5ರಷ್ಟೇ ಎಂದು ಹಿಡಿಯಬೇಕು, ಮಳೆಗಾಲದಲ್ಲಿ ನೀರು ಕುಡಿದು ಅದೂ ಏರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿಯೂ ಬಳಸುತ್ತಾರೆ. ದಾರಿಯ ಉದ್ದ ಗೊತ್ತಿದ್ದು ಮ್ಯೂಯಾನ್‌ಗಳನ್ನು ಎಣಿಸಿದರೆ ನಡುವಿನ ಸಾಂದ್ರತೆ ಸಿಗುತ್ತದೆ, ಎಲ್ಲಿ ಟೊಳ್ಳು ಇದೆ ಎಂದೂ ತಿಳಿಯುತ್ತದೆ. ಅಮೆರಿಕದ ಭೌತವಿಜ್ಞಾನಿ ಲೂಯಿಸ್ ಆಲ್ವಾರೆಜ್ ಈಜಿಪ್ಟಿನ ಖಫ್ರೆ ಪಿರಮಿಡ್ಡಿನೊಳಗೆ ಮಾಡಿದ್ದು ಇದನ್ನೇ, 1970ರಲ್ಲಿ ಪ್ರಕಟಿಸಿದರು. ಅಲ್ಲಿ ಗುಪ್ತ ಕೋಣೆ ಸಿಗಲಿಲ್ಲ, ಆದರೆ ವಿಧಾನ ಉಳಿಯಿತು.

ಯಾರಾದರೂ ಒಂದು ಜಾಗದ ಮೀಟರ್ ನೀರಿನ ಸಮಾನವನ್ನು ಬರೆಯುವಾಗ ಸಂಖ್ಯೆಯೊಂದನ್ನೇ ಬಿಟ್ಟು ಹೋಗಬಾರದು. ಕೆಜಿಎಫ್‌ಗೆ ಪೂರ್ತಿ ಸಾಲು ಹೀಗಿರಬೇಕು: ಹೀತ್‌ಕೋಟ್ ಶಾಫ್ಟ್, 7600 ಅಡಿ, 2316 ಮೀಟರ್, ಸಾಂದ್ರತೆ 3.02, ನೇರ ಮೇಲಕ್ಕೆ, ಸಮತಟ್ಟು ನೆಲ, ಕೋಲಾರ ಕಲ್ಲಿನಲ್ಲಿ ಚದರ ಸೆಂಟಿಮೀಟರಿಗೆ 7000 ಹೆಕ್ಟೋಗ್ರಾಂ, ವಾತಾವರಣ ಸೇರಿಲ್ಲ, ಸ್ಟ್ಯಾಂಡರ್ಡ್ ರಾಕ್‌ಗೆ ತಿದ್ದಿಲ್ಲ.